ಎತ್ತರವೂ ಹರವೂ

ಒಂದು ಮಾತು ಹತ್ತು ಜನರ ಬಾಯಲ್ಲಿ ನಿಂತಿತೆಂದ ಮಾತ್ರಕ್ಕೆ ಅದು ಸಿದ್ಧಾಂತವಾಗುವುದಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟದ ವಿಷಯದಲ್ಲಿ ಅಂಥ ಮಾತೊಂದು 2015ರಿಂದೀಚೆಗೆ ವೇದವಾಕ್ಯದಂತೆ ಹಬ್ಬಿತು. ಬುಟ್ಟಿಯ ಬಳಿ ನಿಂತು ಆಡತಕ್ಕ ದೀರ್ಘಕಾಯನು ತಂಡದಲ್ಲಿ ಒಬ್ಬನಿದ್ದರೆ ಸಾಕು, ಇಬ್ಬರಿದ್ದರೆ ಹೊರೆ; ದೂರದಿಂದ ಗುರಿಯಿಡಬಲ್ಲ ಐವರು ಅಂಗಣದ ತುಂಬ ಹರವಿಕೊಂಡು ನಿಲ್ಲುವ ತಂಡದೆದುರಿಗೆ ಜೋಡಿ ದೀರ್ಘಕಾಯರ ವ್ಯೂಹವು ನಿಲ್ಲಲಾರದು ಎಂಬುದೇ ಆ ಮಾತು. 2025ರ ಜೂನ್ ತಿಂಗಳಲ್ಲಿ ಏಳಡಿಯ ಇಬ್ಬರನ್ನು ಹೊಂದಿದ್ದ ಓಕ್ಲಹೋಮಾ ಸಿಟಿ ತಂಡವು ಎನ್‌ಬಿಎ ಪ್ರಶಸ್ತಿಯನ್ನು ಗೆದ್ದುಕೊಂಡ ಮೇಲೆ ಇದಕ್ಕೆ ನೇರ ವಿರುದ್ಧವಾದ ಮಾತೂ ಅಷ್ಟೇ ಗಟ್ಟಿಯಾಗಿ ಕೇಳಬಂದಿತು. ದೀರ್ಘಕಾಯರ ಕಾಲವು ಮರಳಿ ಬಂದಿತು, ಇನ್ನು ಎಲ್ಲರೂ ಇಬ್ಬಿಬ್ಬರನ್ನು ಹುಡುಕಿಕೊಳ್ಳತಕ್ಕದ್ದು ಎಂದು ಸಾರುವವರು ಹೊರಟರು. ಮೊದಲನೆಯ ಮಾತೂ ಅತಿ, ಎರಡನೆಯದೂ ಅತಿ ಎಂಬುದು ನಮ್ಮ ಅಭಿಪ್ರಾಯ.

ಪರದೇಶದ ಆಟವೊಂದರ ಒಳಗುಟ್ಟಿನಿಂದ ನಮಗಾಗಬೇಕಾದುದೇನು ಎಂದು ಕೇಳುವ ಮಹನೀಯರೂ ಇರಬಹುದು. ಅವರಿಗೆ ನಮ್ಮ ಉತ್ತರವಿಷ್ಟೆ. ಈ ಆಟವು ನಮ್ಮ ಶಾಲೆ ಕಾಲೇಜುಗಳ ಅಂಗಳಗಳಲ್ಲಿಯೂ ನಡೆಯುತ್ತಿದೆ. ಎತ್ತರವಾಗಿ ಬೆಳೆದ ಹುಡುಗನಿಗೆ ಏನನ್ನು ಕಲಿಸಬೇಕು, ಕುಳ್ಳನಾದ ಹುಡುಗನನ್ನು ಆರಿಸಬೇಕೋ ಬಿಡಬೇಕೋ ಎಂಬ ಪ್ರಶ್ನೆಗಳು ನಮ್ಮ ತರಬೇತುದಾರರಿಗೂ ಬರತಕ್ಕವೇ. ಅಲ್ಲಿಯ ರೂಢಿಯನ್ನು ಕಾರಣ ತಿಳಿಯದೆ ಇಲ್ಲಿಗೆ ತಂದರೆ ಅದರ ನಷ್ಟವನ್ನು ಉಣ್ಣುವವರು ನಮ್ಮ ಮಕ್ಕಳು. ಆದಕಾರಣ ವಿಷಯವನ್ನು ಬುಡದಿಂದ ವಿಚಾರಿಸುವುದು ಉಚಿತವಾಗಿದೆ.

1891ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಈ ಆಟವನ್ನು ಕಲ್ಪಿಸಿದಾಗ ಬುಟ್ಟಿಯನ್ನು ನೆಲದಿಂದ 10 ಅಡಿ ಮೇಲೆ ಕಟ್ಟಿದರು. ಆ ಎತ್ತರ ಇಂದಿಗೂ ಬದಲಾಗಿಲ್ಲ. ಬುಟ್ಟಿ ಮೇಲಿರುವ ಆಟದಲ್ಲಿ ಉದ್ದನೆಯವನಿಗೆ ಅನುಕೂಲವೆಂಬುದನ್ನು ಯಾರೂ ಕಲಿಸಬೇಕಾದುದಿಲ್ಲ. ಆದರೆ 1979ರಲ್ಲಿ ಎನ್‌ಬಿಎ ಮಂಡಲಿಯು ಅಂಗಣದ ಮೇಲೆ ಕಮಾನಿನ ಗೆರೆಯೊಂದನ್ನು ಎಳೆದು, ಅದರಾಚೆಯಿಂದ ಬುಟ್ಟಿಗೆ ಬಿದ್ದ ಚೆಂಡಿಗೆ ಎರಡಕ್ಕೆ ಬದಲಾಗಿ ಮೂರು ಅಂಕಗಳನ್ನು ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. ಗೆರೆಯು ಬುಟ್ಟಿಗೆ ಎದುರಿನಲ್ಲಿ 23 ಅಡಿ 9 ಅಂಗುಲ, ಮೂಲೆಗಳಲ್ಲಿ 22 ಅಡಿ ದೂರ. ಆ ಮೊದಲ ವರ್ಷ ಒಂದೊಂದು ತಂಡವು ಪಂದ್ಯವೊಂದಕ್ಕೆ ಅಲ್ಲಿಂದ ಎಸೆದುದು ಸರಾಸರಿ ಮೂರು ಸಲವೂ ಇಲ್ಲ. 2024-25ರ ಋತುವಿನಲ್ಲಿ ಅದೇ ಸರಾಸರಿಯು 37ನ್ನು ಮೀರಿದ್ದಿತು. ಆಟದ ಸ್ವರೂಪವನ್ನೇ ಮಾರ್ಪಡಿಸಿದ ಸಂಖ್ಯೆ ಇದು.

ಇದರ ಹಿಂದಿನ ಲೆಕ್ಕವು ಅಂಗಡಿಯ ಲೆಕ್ಕದಷ್ಟೇ ಸರಳವಾದುದು. ದೂರದಿಂದ ಎಸೆದ 40 ಚೆಂಡುಗಳಲ್ಲಿ ನೂರಕ್ಕೆ 36ರಂತೆ ಬುಟ್ಟಿಗೆ ಬಿದ್ದರೆ ಸುಮಾರು 43 ಅಂಕಗಳಾಗುವುವು. ಗೆರೆಯ ಒಳಗಿನಿಂದ ಎಸೆದ 40ರಲ್ಲಿ ಅರ್ಧದಷ್ಟು ಬಿದ್ದರೂ ಆಗುವುದು 40. ತಪ್ಪಿದ್ದು ಹೆಚ್ಚು, ಗಳಿಸಿದ್ದೂ ಹೆಚ್ಚು. ಇಷ್ಟೇ ಅಲ್ಲ. ಐವರೂ ಗೆರೆಯ ಹೊರಗೆ ನಿಂತರೆ ಎದುರಾಳಿಯ ಐವರೂ ಅವರ ಹಿಂದೆ ಹೋಗಲೇಬೇಕು. ಆಗ ಬುಟ್ಟಿಯ ಮುಂದಿನ ಜಾಗ ಬಯಲಾಗುತ್ತದೆ; ಚುರುಕಾದ ಆಟಗಾರನು ಚೆಂಡಿನೊಡನೆ ನುಗ್ಗಿದನೆಂದರೆ ತಡೆಯುವವರಿಲ್ಲ. ತಡೆಯಲು ಒಬ್ಬನು ಓಡಿ ಬಂದರೆ ಅವನು ಬಿಟ್ಟುಬಂದ ಗುರಿಕಾರನ ಕೈಗೆ ಚೆಂಡು ಸೇರುತ್ತದೆ. ಹರವಿನ ತಂಡದ ಬಲವೆಲ್ಲವೂ ಈ ಇಕ್ಕಟ್ಟಿನಲ್ಲಿದೆ.

ಈ ಇಕ್ಕಟ್ಟು ಬರುವ ಮೊದಲು ಜೋಡಿ ದೀರ್ಘಕಾಯರು ರಾಜ್ಯವಾಳಿದರು. 1986ರಲ್ಲಿ ಹ್ಯೂಸ್ಟನ್ ತಂಡದ 7 ಅಡಿ 4 ಅಂಗುಲದ ರಾಲ್ಫ್ ಸ್ಯಾಂಪ್ಸನ್ ಮತ್ತು 7 ಅಡಿಯ ಹಕೀಮ್ ಒಲಾಜುವನ್ ಸೇರಿ ಲಾಸ್ ಏಂಜಲೀಸಿನ ಲೇಕರ್ಸ್ ತಂಡವನ್ನು ನಾಲ್ಕಕ್ಕೆ ಒಂದರಂತೆ ಸೋಲಿಸಿ ಅಂತಿಮ ಸ್ಪರ್ಧೆಯನ್ನು ಮುಟ್ಟಿದರು. ಸ್ಯಾನ್ ಆಂಟೋನಿಯೋ ತಂಡವು ಡೇವಿಡ್ ರಾಬಿನ್ಸನ್ ಮತ್ತು ಟಿಮ್ ಡಂಕನ್ ಎಂಬಿಬ್ಬರ ಬಲದಿಂದ 1999ರಲ್ಲಿಯೂ 2003ರಲ್ಲಿಯೂ ಪ್ರಶಸ್ತಿ ಗೆದ್ದಿತು. ಆದರೆ 1986ರ ಕಾಲಕ್ಕೆ ಎದುರಾಳಿಗಳು ದೂರದಿಂದ ಎಸೆಯುತ್ತಿದ್ದುದು ಅತ್ಯಲ್ಪ. 2001ರಲ್ಲಿ ನಿಯಮಗಳು ಬದಲಾಗಿ, ಕ್ಷೇತ್ರರಕ್ಷಣೆಗೆ ಅನುಮತಿ ದೊರಕಿತು. ಅದರ ಜೊತೆಗೆ, ಎದುರಾಳಿಯನ್ನು ಕೈಯಳತೆಯಲ್ಲಿ ಕಾಯದೆ ಬುಟ್ಟಿಯ ಮುಂದಿನ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ರಕ್ಷಕನು ನಿಲ್ಲಕೂಡದೆಂಬ ಕಟ್ಟಳೆಯೂ ಬಂದಿತು. ದೀರ್ಘಕಾಯನು ದ್ವಾರಪಾಲಕನಂತೆ ಅಲ್ಲಿಯೇ ನಿಂತಿರುವ ಸೌಕರ್ಯಕ್ಕೆ ಆಗಲೇ ಕತ್ತರಿ ಬಿದ್ದಿತು.

ಜೋಡಿಯ ವಿರುದ್ಧ ವಾದಿಸುವವರು ಮೊದಲು ಎತ್ತುವ ನಿದರ್ಶನ 2015ರ ಅಂತಿಮ ಸ್ಪರ್ಧೆ. ಕ್ಲೀವ್‌ಲೆಂಡ್ ತಂಡವು ಟಿಮೊಫೆ ಮೊಝ್‌ಗೊವ್ ಮತ್ತು ಟ್ರಿಸ್ಟನ್ ಥಾಂಪ್ಸನ್ ಎಂಬ ಇಬ್ಬರನ್ನು ಬುಟ್ಟಿಯ ಬಳಿ ನಿಲ್ಲಿಸಿ ಗೋಲ್ಡನ್ ಸ್ಟೇಟ್ ತಂಡದ ಮೇಲೆ ಎರಡಕ್ಕೆ ಒಂದರಂತೆ ಮುಂದಿತ್ತು. ನಾಲ್ಕನೆಯ ಪಂದ್ಯದಲ್ಲಿ ತರಬೇತುದಾರ ಸ್ಟೀವ್ ಕರ್ ಅವರು ತಮ್ಮ ದೀರ್ಘಕಾಯ ಆಂಡ್ರ್ಯೂ ಬೋಗಟ್‌ನನ್ನು ಆರಂಭದ ಐವರಿಂದ ತೆಗೆದು ಆಂಡ್ರೆ ಇಗ್ವಡಾಲನನ್ನು ಇಳಿಸಿದರು. 6 ಅಡಿ 6 ಅಂಗುಲದ ಡ್ರೇಮಂಡ್ ಗ್ರೀನ್ ಸೆಂಟರ್ ಸ್ಥಾನಕ್ಕೆ ಬಂದನು. ಆ ದಿನ ಮೊಝ್‌ಗೊವ್ 28 ಅಂಕಗಳನ್ನು ಗಳಿಸಿದನು. ಆದರೂ ಅವನ ತಂಡ 103ಕ್ಕೆ 82ರಂತೆ ಸೋತಿತು. ಐದನೆಯ ಪಂದ್ಯದಲ್ಲಿ ಅವನನ್ನು ಆಡಿಸಿದುದು ಒಂಬತ್ತೇ ನಿಮಿಷ. ಸ್ಪರ್ಧೆಯನ್ನು ಗೋಲ್ಡನ್ ಸ್ಟೇಟ್ ನಾಲ್ಕಕ್ಕೆ ಎರಡರಂತೆ ಗೆದ್ದಿತು. ಕ್ಲೀವ್‌ಲೆಂಡಿನ ಇಬ್ಬರು ಪ್ರಮುಖ ಆಟಗಾರರು ಗಾಯಗೊಂಡು ಹೊರಗಿದ್ದರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಪಾಠವು ಸ್ಪಷ್ಟವಾಗಿದೆ. ದೀರ್ಘಕಾಯನು ಬುಟ್ಟಿಯ ಕೆಳಗೆ ಗಳಿಸಿದ್ದಕ್ಕಿಂತ ಅವನು ಕಾಯಲಾರದೆ ಬಿಟ್ಟ ಬಯಲಿನಲ್ಲಿ ಕಳೆದುದು ಹೆಚ್ಚಾಯಿತು.

ಎರಡನೆಯ ನಿದರ್ಶನ 2024ರದು. ಮಿನ್ನೆಸೋಟ ತಂಡದ ರೂಡಿ ಗೋಬೇರ್ 7 ಅಡಿ 1 ಅಂಗುಲದವನು. ಆ ವರ್ಷದ ಶ್ರೇಷ್ಠ ರಕ್ಷಕನೆಂಬ ಗೌರವವನ್ನು ಪಡೆದಿದ್ದವನು. ಪಶ್ಚಿಮ ವಿಭಾಗದ ಅಂತಿಮ ಘಟ್ಟದ ಎರಡನೆಯ ಪಂದ್ಯದಲ್ಲಿ ಮೂರು ಸೆಕೆಂಡು ಉಳಿದಿರುವಾಗ ಡಲ್ಲಾಸ್ ತಂಡದ ಲೂಕಾ ಡಾನ್ಚಿಚ್ ಅವನನ್ನು ಬುಟ್ಟಿಯಿಂದ ದೂರಕ್ಕೆ, ಗೆರೆಯವರೆಗೂ ಎಳೆದುತಂದು, ಹಿಂದಕ್ಕೆ ಹೆಜ್ಜೆಯಿಟ್ಟು ಅವನ ತಲೆಯ ಮೇಲಿನಿಂದಲೇ ಮೂರಂಕದ ಎಸೆತವನ್ನು ಬುಟ್ಟಿಗೆ ಹಾಕಿದನು. ಡಲ್ಲಾಸ್ 109ಕ್ಕೆ 108ರಂತೆ ಗೆದ್ದಿತು. ನೀರಿನಲ್ಲಿರುವ ಮೊಸಳೆಗೆ ಆನೆಯನ್ನೂ ಎಳೆಯುವ ಬಲವುಂಟು. ದಡಕ್ಕೆ ಬಂದರೆ ನಾಯಿಯೂ ಅದನ್ನು ಹೆದರಿಸಬಹುದು ಎಂದು ಹಿರಿಯರು ಹೇಳುತ್ತಿದ್ದುದು ಇಂಥದನ್ನೇ.

ಇಷ್ಟನ್ನು ಕೇಳಿ ತೀರ್ಪು ಬರೆಯುವುದಾದರೆ ಅದು ಒಂದೇ ಪಕ್ಷದ ಸಾಕ್ಷ್ಯವನ್ನು ಕೇಳಿ ಬರೆದ ತೀರ್ಪಾಗುವುದು. ಮೇಲೆ ಹೇಳಿದ ಲೆಕ್ಕಕ್ಕೆ ಇನ್ನೊಂದು ಮಗ್ಗುಲು ಇದೆ. ದೂರದಿಂದ ಎಸೆಯುವವರ ಚೆಂಡು ತಪ್ಪುವುದೂ ಹೆಚ್ಚು. ತಪ್ಪಿ ಪುಟಿದ ಚೆಂಡು ಯಾರದು ಎಂಬ ಪ್ರಶ್ನೆಯಲ್ಲಿ ಎತ್ತರವು ಮತ್ತೆ ಬೆಲೆಯನ್ನು ಪಡೆಯುತ್ತದೆ. ಒಂದು ತಂಡವು 90 ಸಲ ಎಸೆದು 48 ಸಲ ತಪ್ಪಿತೆಂದು ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ತಪ್ಪಿದ ನಾಲ್ಕರಲ್ಲಿ ಒಂದು ಎಸೆದವರ ಕೈಗೇ ಮರಳುತ್ತದೆ, ಅಂದರೆ 12. ಇಬ್ಬರು ಬಲಾಢ್ಯರಾದ ದೀರ್ಘಕಾಯರು ಅದನ್ನು ಮೂರರಲ್ಲಿ ಒಂದಕ್ಕೆ ಏರಿಸಿದರೆ 16. ನಾಲ್ಕು ಸಲ ಹೊಸದಾಗಿ ಚೆಂಡು ದೊರೆತಂತಾಯಿತು. ಒಂದೊಂದು ಸರದಿಗೆ ಒಂದು ಅಂಕಕ್ಕಿಂತ ತುಸು ಹೆಚ್ಚೇ ಬರುವುದರಿಂದ ಲಾಭವು ನಾಲ್ಕು ಅಂಕಗಳಿಗೆ ಕಡಿಮೆಯಿಲ್ಲ. ಹರವಿನ ತಂಡವು ಮೂರಂಕದ ಗೆರೆಯಲ್ಲಿ ಗಳಿಸಿದ ಮೂರು ಅಂಕಗಳ ಮೇಲುಗೈಯನ್ನು ಜೋಡಿಯ ತಂಡವು ಪುಟಿದ ಚೆಂಡಿನಲ್ಲಿ ಬಡ್ಡಿಸಹಿತ ಹಿಂದಕ್ಕೆ ಪಡೆಯಬಹುದು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. 2025ರ ಮೊದಲ ಸುತ್ತಿನಲ್ಲಿ ಹ್ಯೂಸ್ಟನ್ ತಂಡವು ಹರವಿನ ಆಟಕ್ಕೆ ಗುರುಗಳೆನಿಸಿದ ಅದೇ ಗೋಲ್ಡನ್ ಸ್ಟೇಟ್ ತಂಡವನ್ನು ಎದುರಿಸಿತು. ಆ ಋತುವಿನಲ್ಲಿ ತನ್ನದೇ ಎಸೆತ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದರಲ್ಲಿ ಹ್ಯೂಸ್ಟನ್ನಿಗೆ ಸಮನಾದ ತಂಡವಿರಲಿಲ್ಲ. ಅಲ್ಪೆರೆನ್ ಶೆಂಗುನ್ ಮತ್ತು ಸ್ಟೀವನ್ ಆಡಮ್ಸ್ ಎಂಬ ಇಬ್ಬರು ಭಾರೀ ಆಟಗಾರರನ್ನು ಅದು ಒಟ್ಟಿಗೆ ಇಳಿಸಿತು. ಇವರಲ್ಲಿ ಯಾರನ್ನೂ ಸ್ಟೀಫನ್ ಕರಿಯ ಹಿಂದೆ ಓಡಿಸಲಾಗದೆಂಬುದನ್ನು ಅರಿತು, ವ್ಯಕ್ತಿಯನ್ನು ಕಾಯುವ ಕ್ರಮವನ್ನು ಬಿಟ್ಟು ಕ್ಷೇತ್ರವನ್ನು ಕಾಯುವ ಕ್ರಮವನ್ನು ಹಿಡಿಯಿತು. ಮೂರಕ್ಕೆ ಒಂದರಂತೆ ಹಿಂದೆ ಬಿದ್ದಿದ್ದ ತಂಡವು ಹೀಗೆ ಆಡಿ ಸ್ಪರ್ಧೆಯನ್ನು ಏಳನೆಯ ಪಂದ್ಯದವರೆಗೂ ಎಳೆಯಿತು. ಆಡಮ್ಸ್‌ನ ಫ್ರೀ ಥ್ರೋ ದುರ್ಬಲವೆಂದು ತಿಳಿದು ಎದುರಾಳಿಗಳು ಬೇಕೆಂದೇ ಅವನ ಮೇಲೆ ಫೌಲ್ ಮಾಡತೊಡಗಿದರೆಂದರೆ, ಅವನು ಅಂಗಣದಲ್ಲಿರುವುದು ಅವರಿಗೆ ಎಷ್ಟು ಅಸಹನೀಯವಾಗಿತ್ತೆಂದು ಊಹಿಸಬಹುದು.

ಏಳನೆಯ ಪಂದ್ಯದಲ್ಲಿ ಹ್ಯೂಸ್ಟನ್ 103ಕ್ಕೆ 89ರಂತೆ ಸೋತಿತು. ಬಡ್ಡಿ ಹೀಲ್ಡ್ ಒಬ್ಬನೇ ಗೆರೆಯಾಚೆಯಿಂದ ಒಂಬತ್ತು ಸಲ ಗುರಿ ಮುಟ್ಟಿಸಿ 33 ಅಂಕಗಳನ್ನು ಗಳಿಸಿದನು. ಕ್ಷೇತ್ರವನ್ನು ಕಾಯುವವರು ಕರಿಯ ಕಡೆಗೆ ವಾಲಿದಾಗ ಮತ್ತೊಬ್ಬ ಗುರಿಕಾರನು ಬಯಲಿನಲ್ಲಿ ಉಳಿಯುವ ಅಪಾಯವುಂಟು. ಜೋಡಿಯು ಹರವನ್ನು ಎದುರಿಸಬಲ್ಲದೆಂಬುದಕ್ಕೆ ಆರು ಪಂದ್ಯಗಳು ಸಾಕ್ಷಿ. ಎದುರಿಸಬಲ್ಲದೆಂದ ಮಾತ್ರಕ್ಕೆ ಗೆಲ್ಲುವುದು ನಿಶ್ಚಯವಲ್ಲವೆಂಬುದಕ್ಕೆ ಏಳನೆಯದು ಸಾಕ್ಷಿ. ಎರಡನ್ನೂ ಒಪ್ಪಿಕೊಳ್ಳದವನು ನ್ಯಾಯವಾಗಿ ನೋಡಿದವನಲ್ಲ.

ಹಾಗಾದರೆ ಗೆದ್ದ ಜೋಡಿಗಳು ಯಾವುವು? 2021ರಲ್ಲಿ ಪ್ರಶಸ್ತಿಯನ್ನು ಗೆದ್ದ ಮಿಲ್ವಾಕಿ ತಂಡವನ್ನು ನೋಡಿರಿ. ಯಾನಿಸ್ ಆಂಟೆಟೊಕೌಂಪೊ ಬುಟ್ಟಿಗೆ ನುಗ್ಗುವವನು. ಅವನ ಜೊತೆಗಾರ ಬ್ರೂಕ್ ಲೋಪೆಜ್ 7 ಅಡಿ 1 ಅಂಗುಲದವನು. ಈ ಲೋಪೆಜ್ ತನ್ನ ಮೊದಲ ಎಂಟು ಋತುಗಳಲ್ಲಿ ಗೆರೆಯಾಚೆಯಿಂದ ಎಸೆದುದು ಒಟ್ಟು 31 ಸಲ, ಬಿದ್ದುದು ಮೂರು. 2016-17ರ ಒಂದೇ ಋತುವಿನಲ್ಲಿ ಅವನು 387 ಸಲ ಎಸೆದು 134 ಸಲ ಗುರಿ ಮುಟ್ಟಿಸಿದನು. ಇಪ್ಪತ್ತೆಂಟು ವರ್ಷ ದಾಟಿದ ದೀರ್ಘಕಾಯನೊಬ್ಬನು ಹೊಸ ವಿದ್ಯೆಯನ್ನು ಕಲಿತನು. ಅದರಿಂದ ಜೊತೆಗಾರನಿಗೆ ನುಗ್ಗಲು ದಾರಿ ತೆರೆಯಿತು. ರಕ್ಷಣೆಯಲ್ಲಿ ಎರಡು ಕಂಬ, ಆಕ್ರಮಣದಲ್ಲಿ ಒಂದೇ ಕಂಬ. ಇದೇ ಆ ಜೋಡಿಯ ರಹಸ್ಯ.

ಮಿನ್ನೆಸೋಟದ ಜೋಡಿಯೂ ಅಂಥದೇ. ಗೋಬೇರ್ ಜೊತೆಗಿದ್ದ ಕಾರ್ಲ್-ಆಂಟನಿ ಟೌನ್ಸ್ ಏಳಡಿಯವನಾದರೂ ನುರಿತ ಗುರಿಕಾರ. 2022ರಲ್ಲಿ ಗೋಬೇರ್‌ನನ್ನು ಪಡೆಯಲು ಆ ತಂಡವು ಐವರು ಆಟಗಾರರನ್ನೂ ಮುಂದಿನ ವರ್ಷಗಳ ನಾಲ್ಕು ಮೊದಲ ಸುತ್ತಿನ ಆಯ್ಕೆಗಳನ್ನೂ ತೆತ್ತಾಗ ನಗದವರಿರಲಿಲ್ಲ. ಮೊದಲ ವರ್ಷ 42 ಗೆಲುವು, 40 ಸೋಲು ಬಂದಾಗ ನಗೆ ಇನ್ನೂ ಹೆಚ್ಚಿತು. 2023-24ರಲ್ಲಿ ಅದೇ ತಂಡವು 56 ಪಂದ್ಯಗಳನ್ನು ಗೆದ್ದು, ಫೀನಿಕ್ಸನ್ನು ನಾಲ್ಕು ಪಂದ್ಯಗಳಲ್ಲಿ ಮುಗಿಸಿ, ಹಿಂದಿನ ವರ್ಷದ ವಿಜೇತರಾದ ಡೆನ್ವರ್ ತಂಡವನ್ನು ಅವರ ಊರಿನಲ್ಲಿಯೇ ಏಳನೆಯ ಪಂದ್ಯದಲ್ಲಿ, 20 ಅಂಕಗಳ ಹಿನ್ನಡೆಯನ್ನು ತುಂಬಿ, ಸೋಲಿಸಿತು. ಆದರೆ ಇಬ್ಬರು ದೀರ್ಘಕಾಯರಿಗೂ ದೊಡ್ಡ ಸಂಬಳ ಕೊಟ್ಟುಕೊಂಡು ತಂಡವನ್ನು ನಡೆಸುವುದು ಸುಲಭವಲ್ಲ. 2024ರ ಅಕ್ಟೋಬರಿನಲ್ಲಿ ಟೌನ್ಸ್ ನ್ಯೂಯಾರ್ಕ್ ತಂಡದ ಪಾಲಾದನು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಿಯಮವು ಏಳಡಿಯವರಿಗೂ ತಪ್ಪಿದ್ದಲ್ಲ.

ಇನ್ನು ಕೂಡದ ಜೋಡಿಯ ಮಾತು. 2022-23ರಲ್ಲಿ ಕ್ಲೀವ್‌ಲೆಂಡ್ ತಂಡದ ಜ್ಯಾರೆಟ್ ಆಲೆನ್ ಮತ್ತು ಇವಾನ್ ಮೋಬ್ಲೆ ಸೇರಿ ಮಂಡಲಿಯಲ್ಲಿಯೇ ಶ್ರೇಷ್ಠವಾದ ರಕ್ಷಣೆಯನ್ನು ಕಟ್ಟಿದರು. ಆದರೆ ಆಗ ಇಬ್ಬರೂ ದೂರದ ಗುರಿಕಾರರಲ್ಲ. ನಿರ್ಣಾಯಕ ಪಂದ್ಯಗಳು ಬಂದಾಗ ನ್ಯೂಯಾರ್ಕ್ ತಂಡದವರು ಇಬ್ಬರನ್ನೂ ಗೆರೆಯಲ್ಲಿ ಬಿಟ್ಟು ಬುಟ್ಟಿಯ ಮುಂದೆ ಕಿಕ್ಕಿರಿದರು. ಕ್ಲೀವ್‌ಲೆಂಡ್ ನಾಲ್ಕಕ್ಕೆ ಒಂದರಂತೆ ಸೋತಿತು. ಪುಟಿದ ಚೆಂಡಿನ ಕಾದಾಟದಲ್ಲಿಯೂ ಮಿಚೆಲ್ ರಾಬಿನ್ಸನ್ ಎಂಬ ನ್ಯೂಯಾರ್ಕಿನ ಒಬ್ಬ ದೀರ್ಘಕಾಯನು ಇವರಿಬ್ಬರನ್ನೂ ಮೀರಿಸಿದನು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯಲ್ಲಿ ಎಳೆತ ಬೇರೆ ಬೇರೆ ದಿಕ್ಕಿಗಾದರೂ ಇದೆ. ಇಲ್ಲಿ ಇಬ್ಬರೂ ಒಂದೇ ಮಡುವಿಗೆ ಇಳಿದು ನಿಂತುದರಿಂದ ಬಂಡಿಯೇ ಚಲಿಸಲಿಲ್ಲ. ಇಬ್ಬರು ಎತ್ತರದವರಿದ್ದ ಮಾತ್ರಕ್ಕೆ ಎತ್ತರದ ಲಾಭವು ತಾನಾಗಿ ಕೈಗೆ ಬರುವುದಿಲ್ಲ.

ಓಕ್ಲಹೋಮಾ ಸಿಟಿಯ ಕಥೆಯನ್ನು ಹೊಗಳುವವರು ಅದನ್ನು ಪೂರ್ತಿಯಾಗಿ ಓದಿದಂತೆ ಕಾಣುವುದಿಲ್ಲ. ಚೆಟ್ ಹೋಮ್‌ಗ್ರೆನ್ ಮತ್ತು ಐಸೈಯಾ ಹಾರ್ಟೆನ್‌ಸ್ಟೈನ್ ಎಂಬಿಬ್ಬರಿದ್ದ ಆ ತಂಡವು 2024-25ರಲ್ಲಿ 68 ಪಂದ್ಯಗಳನ್ನು ಗೆದ್ದಿತ್ತು. ಆದರೆ ಅಂತಿಮ ಸ್ಪರ್ಧೆಯಲ್ಲಿ ವೇಗಕ್ಕೂ ಹರವಿಗೂ ಹೆಸರಾದ ಇಂಡಿಯಾನ ತಂಡವು ಎದುರಾದಾಗ, ತರಬೇತುದಾರ ಮಾರ್ಕ್ ಡೇಗ್ನೋ ಅವರು ಮೊದಲನೆಯ ಪಂದ್ಯದಲ್ಲಿಯೇ ಹಾರ್ಟೆನ್‌ಸ್ಟೈನ್‌ನನ್ನು ಆರಂಭದ ಐವರಿಂದ ತೆಗೆದು ಕೇಸನ್ ವಾಲೆಸ್ ಎಂಬ ಗಾರ್ಡ್‌ನನ್ನು ಇಳಿಸಿದರು. ಆ ಪಂದ್ಯವು ಒಂದು ಅಂಕದಿಂದ ಕೈತಪ್ಪಿತು. ಎರಡಕ್ಕೆ ಒಂದರಂತೆ ಹಿಂದೆ ಬಿದ್ದ ಮೇಲೆ ನಾಲ್ಕನೆಯ ಪಂದ್ಯಕ್ಕೆ ಜೋಡಿಯನ್ನು ಮತ್ತೆ ತಂದರು. 111ಕ್ಕೆ 104ರಂತೆ ಗೆದ್ದರು. ಕೊನೆಗೆ ಏಳನೆಯ ಪಂದ್ಯದಲ್ಲಿ ಪ್ರಶಸ್ತಿ ದೊರೆಯಿತು. ಇದು ಜೋಡಿಯ ಜಯವೇ, ಹರವಿನ ಜಯವೇ? ನಮ್ಮ ಮಟ್ಟಿಗೆ ಎರಡೂ ಅಲ್ಲ. ಎರಡು ಬಗೆಯಲ್ಲಿಯೂ ಆಡಬಲ್ಲ ಆಟಗಾರರನ್ನು ಸಂಗ್ರಹಿಸಿ, ಸಮಯಕ್ಕೆ ತಕ್ಕಂತೆ ಬದಲಾಯಿಸುವ ಧೈರ್ಯವಿದ್ದವರ ಜಯ ಅದು.

ಈ ಎಲ್ಲ ನಿದರ್ಶನಗಳಿಂದ ನಾವು ಕಂಡುಕೊಂಡ ತೀರ್ಮಾನವನ್ನು ಹೇಳುತ್ತೇವೆ. ಹರವಿನ ತಂಡದೆದುರಿಗೆ ಜೋಡಿಯು ನಿಲ್ಲಬೇಕಾದರೆ, ಮೊದಲನೆಯದಾಗಿ, ಇಬ್ಬರಲ್ಲಿ ಒಬ್ಬನಾದರೂ ಎದುರಾಳಿಯು ಅಲಕ್ಷಿಸಲಾರದ ಗುರಿಕಾರನಾಗಿರಬೇಕು. ಅಥವಾ ಬುಟ್ಟಿಯಿಂದ ದೂರ ನಿಂತು ಚೆಂಡನ್ನು ಜಾಣತನದಿಂದ ಹಂಚಬಲ್ಲವನಾಗಿರಬೇಕು. ಎರಡನೆಯದಾಗಿ, ಒಬ್ಬನಾದರೂ ಗೆರೆಯವರೆಗೆ ಹೋಗಿ ಕಾದು ಮರಳಬಲ್ಲ ಕಾಲುಳ್ಳವನಾಗಿರಬೇಕು. ಇಲ್ಲವಾದರೆ ಕ್ಷೇತ್ರರಕ್ಷಣೆಯನ್ನು ತಂಡವು ಮೊದಲೇ ಅಭ್ಯಾಸ ಮಾಡಿರಬೇಕು. ಮೂರನೆಯದಾಗಿ, ಪುಟಿದ ಚೆಂಡಿಗೆ ಇಬ್ಬರೂ ಹಾರಿದಾಗ ಎದುರಾಳಿಯ ಓಟವನ್ನು ತಡೆಯಲು ಉಳಿದ ಮೂವರು ಆ ಕ್ಷಣವೇ ಹಿಂದಿರುಗಬೇಕು. ಈ ಮೂರರಲ್ಲಿ ಯಾವೊಂದೂ ಇಲ್ಲದೆ ಇಬ್ಬರನ್ನು ನಿಲ್ಲಿಸುವವನು ವ್ಯೂಹವನ್ನು ರಚಿಸಿದವನಲ್ಲ, ಎರಡು ಕಂಬಗಳನ್ನು ನೆಟ್ಟವನು.

ಇಷ್ಟೊಂದು ನಿಬಂಧನೆಗಳಿದ್ದರೆ ಒಬ್ಬನನ್ನೇ ಇಟ್ಟುಕೊಳ್ಳುವುದು ಮೇಲಲ್ಲವೇ ಎಂದು ಕೇಳಬಹುದು. ಹರವಿನ ಆಟಕ್ಕೂ ನಿಬಂಧನೆಗಳಿಲ್ಲದೆ ಇಲ್ಲ. 2018ರಲ್ಲಿ 65 ಪಂದ್ಯಗಳನ್ನು ಗೆದ್ದು ಬಂದ ಹ್ಯೂಸ್ಟನ್ ತಂಡವು ಪಶ್ಚಿಮ ವಿಭಾಗದ ಏಳನೆಯ ಪಂದ್ಯದಲ್ಲಿ ಗೆರೆಯಾಚೆಯಿಂದ ಸಾಲಾಗಿ 27 ಸಲ ಎಸೆದು 27 ಸಲವೂ ತಪ್ಪಿತು. ಆ ದಿನ 44ರಲ್ಲಿ ಬಿದ್ದುದು ಏಳು. ಗುರಿ ತಪ್ಪಿದ ದಿನ ಹಿಡಿದುಕೊಳ್ಳಲು ಇನ್ನೊಂದು ಆಸರೆಯಿಲ್ಲದ ತಂಡಕ್ಕೆ ಬರುವ ಗತಿ ಇದು. ಎರಡು ದಾರಿಗಳಿಗೂ ತಮ್ಮತಮ್ಮ ಸುಂಕಗಳುಂಟು.

ಈಗ ನಮ್ಮ ನಾಡಿನ ಮಾತಿಗೆ ಬರೋಣ. ನಮ್ಮ ರಾಷ್ಟ್ರೀಯ ತಂಡಗಳು ಆಡತಕ್ಕದ್ದು ಅಂತರರಾಷ್ಟ್ರೀಯ ನಿಯಮಗಳಂತೆ. ಅವುಗಳಲ್ಲಿ ಮೂರಂಕದ ಗೆರೆಯು 6.75 ಮೀಟರು ದೂರ. ಎನ್‌ಬಿಎ ಗೆರೆಗಿಂತ ಅರ್ಧ ಮೀಟರಿನಷ್ಟು ಹತ್ತಿರ. ರಕ್ಷಕನನ್ನು ಮೂರು ಸೆಕೆಂಡಿನಲ್ಲಿ ಹೊರಗಟ್ಟುವ ಕಟ್ಟಳೆಯು ಇಲ್ಲಿ ಇಲ್ಲವೇ ಇಲ್ಲ. ಗೆರೆ ಹತ್ತಿರವಿರುವುದರಿಂದ ದೀರ್ಘಕಾಯನು ಹೊರಗೆ ಓಡಬೇಕಾದ ದೂರವೂ ಕಡಿಮೆ. ಬುಟ್ಟಿಯ ಮುಂದೆ ನಿಂತು ಕಾಯುವುದಕ್ಕೆ ಅಡ್ಡಿಯೂ ಇಲ್ಲ. ಅಮೆರಿಕದಲ್ಲಿ ಜೋಡಿಗೆ ಇರುವ ತೊಡಕುಗಳು ಇಲ್ಲಿ ಅಷ್ಟರಮಟ್ಟಿಗೆ ಸಡಿಲವಾಗುತ್ತವೆ. ಅಲ್ಲಿಯ ರೂಢಿಯನ್ನು ಕಣ್ಣುಮುಚ್ಚಿ ಅನುಸರಿಸುವವರು ಅಲ್ಲಿಯ ನಿಯಮಪುಸ್ತಕವನ್ನೂ ಇಲ್ಲಿಯದನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಓದಬೇಕೆಂದು ಪ್ರಾರ್ಥಿಸುತ್ತೇವೆ.

2015ರ ಜೂನ್ 25ರಂದು ಪಂಜಾಬಿನ ಬಲ್ಲೋಕೆ ಗ್ರಾಮದ, 7 ಅಡಿ 2 ಅಂಗುಲದ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡವು 52ನೆಯ ಆಯ್ಕೆಯಾಗಿ ಆರಿಸಿದಾಗ ದೇಶವೆಲ್ಲವೂ ಹಿಗ್ಗಿತು. ಭಾರತದಲ್ಲಿ ಹುಟ್ಟಿದವರೊಬ್ಬರಿಗೆ ಆ ಗೌರವವು ದೊರೆತುದು ಅದೇ ಮೊದಲು. ಅದಕ್ಕೆ ಒಂಬತ್ತೇ ದಿನಗಳ ಹಿಂದೆ ಗೋಲ್ಡನ್ ಸ್ಟೇಟ್ ತಂಡವು 6 ಅಡಿ 6 ಅಂಗುಲದ ಸೆಂಟರ್‌ನಿಂದ ಪ್ರಶಸ್ತಿಯನ್ನು ಗೆದ್ದಿತ್ತು. ಎತ್ತರವು ಬಾಗಿಲನ್ನು ತೆರೆದ ಘಳಿಗೆಯಲ್ಲಿಯೇ ಒಳಗಿನ ಮನೆಯ ರೂಢಿ ಬದಲಾಗಿತ್ತು. ಅವರಿಗೆ ಆ ಮಂಡಲಿಯ ಪಂದ್ಯವೊಂದರಲ್ಲಿಯೂ ಆಡುವ ಅವಕಾಶವು ಬರಲಿಲ್ಲ. ಅವರ ಪರಿಶ್ರಮದಲ್ಲಿ ಕೊರತೆಯನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಹುಡುಗನೊಬ್ಬನು ಹದಿನೈದು ವರ್ಷಕ್ಕೆ ಪಡೆಯುವ ಶಿಕ್ಷಣವು ಅವನು ಇಪ್ಪತ್ತೈದಕ್ಕೆ ಬರುವಾಗಿನ ಆಟಕ್ಕೆ ಒದಗತಕ್ಕದ್ದಾಗಿರಬೇಕೆಂಬುದನ್ನು ನೆನಪಿಸುವುದು ಮಾತ್ರ ನಮ್ಮ ಉದ್ದೇಶ.

ಆದಕಾರಣ ನಮ್ಮ ಶಾಲೆ ಕಾಲೇಜುಗಳ ತರಬೇತುದಾರರಲ್ಲಿ ನಮ್ಮ ಬಿನ್ನಹವಿದು. ಎತ್ತರದ ಹುಡುಗನನ್ನು ಕಂಡೊಡನೆ ಬುಟ್ಟಿಯ ಕೆಳಗೆ ನಿಲ್ಲಿಸಿ, ಕೈ ಮೇಲೆತ್ತಿಕೊಂಡಿರು ಎಂದು ಹೇಳಿ ಕರ್ತವ್ಯವು ಮುಗಿಯಿತೆಂದು ಭಾವಿಸಬೇಡಿರಿ. ಅವನಿಗೂ ದೂರದಿಂದ ಎಸೆಯುವುದನ್ನು ಕಲಿಸಿರಿ. ಚೆಂಡನ್ನು ಹಂಚುವುದನ್ನು ಕಲಿಸಿರಿ. ಅಡ್ಡ ಹೆಜ್ಜೆಯಿಟ್ಟು ಗೆರೆಯಲ್ಲಿ ಕಾಯುವುದನ್ನು ಕಲಿಸಿರಿ. ಇದನ್ನೆಲ್ಲ ಕಲಿತ ಇಬ್ಬರು ದೀರ್ಘಕಾಯರು ನಿಮಗೆ ದೊರೆತರೆ ಇಬ್ಬರನ್ನೂ ನಿರ್ಭಯವಾಗಿ ಆಡಿಸಿರಿ. ದೊರೆಯದಿದ್ದರೆ ಕೈಯಲ್ಲಿರುವವರಿಗೆ ತಕ್ಕ ವ್ಯೂಹವನ್ನು ರಚಿಸಿರಿ. ಪರದೇಶದಲ್ಲಿ ಈ ವರ್ಷ ಯಾರು ಗೆದ್ದರೆಂಬುದನ್ನು ನೋಡಿ ನಮ್ಮ ಹುಡುಗರ ಹಣೆಬರಹವನ್ನು ಬರೆಯುವ ಅಭ್ಯಾಸವು ಇನ್ನಾದರೂ ನಿಲ್ಲಬೇಕು.